ಮೋಕದ ಮೇಲೆ ಹೋದ ದಿಬ್ಬಣ

ಅಣ್ಣ ಶರಣ ತೀರಿಕೊಂಡ ಮೇಲೆ ಅವನ ಟ್ರಂಕು ತೆಗೆದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಇಸ್ತ್ರಿ ಮಾಡಿದ ಎರಡು ಅಂಗಿ, ಒಂದು ಹಳೆಯ ಕನ್ನಡಕ, ಎಡಗಾಲಿಗೆ ಮಾತ್ರ ದಪ್ಪ ಅಟ್ಟೆ ಹೊಲಿಸಿದ ಜೋಡು. ತಳದಲ್ಲಿ ಒಂದು ಸಣ್ಣ ಬಟ್ಟೆ ಚೀಲ. ಚೀಲ ಅಲುಗಿಸಿದರೆ ಸದ್ದಾಯಿತು. ಅವ್ವ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು.

“ಏನದು?” ಅಂದಳು.

“ಕವಡಿ.”

“ಇನ್ನೂ ಇಟ್ಟಿದ್ನಾ,” ಅಂದು ಮೊರದ ಕಡೆ ತಿರುಗಿದಳು.

ನಮ್ಮ ಮನೆಯ ದುಃಖ ಹೀಗೆಯೇ. ಅಳುವವರು ಬಂದು ಅತ್ತು ಹೋದರು. ನಾವು ಜೋಳ ಹಸನು ಮಾಡಿದೆವು. ಕವಡೆ ಕೈಯಲ್ಲಿ ಹಿಡಿದಾಗ ನನಗೂ ಅಳು ಬರಲಿಲ್ಲ. ಬಂದದ್ದು ಒಂದು ಮದುವೆ ದಿಬ್ಬಣದ ನೆನಪು. ಅದೂ ಎಂದೂ ನಡೆಯದ ದಿಬ್ಬಣ. ಅದನ್ನೇ ಹೇಳುತ್ತೇನೆ. ನಡುನಡುವೆ ದಾರಿ ಬಿಟ್ಟು ಹೋದರೆ ಬೇಸರ ಮಾಡಿಕೊಳ್ಳಬೇಡಿ. ಆ ದಿಬ್ಬಣವೂ ನೆಟ್ಟಗೆ ಹೋದದ್ದಲ್ಲ.

ನಾವು ಸಣ್ಣವರಿದ್ದಾಗ ಬಳ್ಳಾರಿಯ ಗಾಂಧಿನಗರದಲ್ಲಿ ಈಗಿನಷ್ಟು ಮನೆಗಳಿರಲಿಲ್ಲ. ನಮ್ಮ ಪಡಸಾಲೆಯ ಕಿಟಕಿಯಲ್ಲಿ ಕೋಟೆ ಗುಡ್ಡ ಕಾಣುತ್ತಿತ್ತು. ಗುಡ್ಡ ಅಂದರೆ ಬಂಡೆಗಳ ರಾಶಿ. ಅದನ್ನು ಹತ್ತಬಾರದೆಂದು ಹೇಳಿದ್ದರಿಂದ ಹುಡುಗರೆಲ್ಲ ಹತ್ತುತ್ತಿದ್ದರು. ಎಂಟನೆಯ ತರಗತಿಗೆ ಕಾಲಿಟ್ಟ ವರ್ಷ ಅಣ್ಣ ಒಂದು ಬಂಡೆಯಿಂದ ಜಾರಿದ. ಎಡ ತೊಡೆಯ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಎದೆಯ ಕೆಳಗಿನಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಹಾಕಿ, ದೀಪಾವಳಿಯವರೆಗೆ ಅಲುಗಾಡಬೇಡ ಎಂದು ಹೇಳಿ ಕಳಿಸಿದರು. ಆಗಿನ್ನೂ ಮುಂಗಾರು. ಬಳ್ಳಾರಿಯ ಮುಂಗಾರೆಂದರೆ ನಿಮಗೆ ಗೊತ್ತೇ ಇದೆ, ಸ್ವಲ್ಪ ಮೋಡ ಇರುವ ಬೇಸಿಗೆ. ಆ ಸೆಕೆಯಲ್ಲಿ ಪ್ಲಾಸ್ಟರಿನ ಒಳಗೆ ನವೆ ಹತ್ತುತ್ತಿತ್ತು. ಅವ್ವ ಒಂದು ಬಿದಿರು ಕಡ್ಡಿಯನ್ನು ನುಣ್ಣಗೆ ಹೆರೆದು ಕೊಟ್ಟಿದ್ದಳು. ಅಣ್ಣ ಅದನ್ನು ಒಳಗೆ ತೂರಿಸಿ ಕೆರೆದುಕೊಳ್ಳುವಾಗ ಕಣ್ಣು ಮುಚ್ಚುತ್ತಿದ್ದ. ಅದಕ್ಕಿಂತ ದೊಡ್ಡ ಸುಖ ಲೋಕದಲ್ಲಿ ಇಲ್ಲವೇನೋ ಅನ್ನುವಂತೆ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕಾಲು ಮುರಿದವನ ಮೇಲೆ ಹೊಟ್ಟೆಕಿಚ್ಚು ಪಡುವ ಬುದ್ಧಿ ನನ್ನದು.

ಮೊದಮೊದಲು ಓಣಿಯ ಹುಡುಗರೆಲ್ಲ ಬಂದರು. ಅವರು ನೋಡಲು ಬಂದದ್ದು ಪ್ಲಾಸ್ಟರನ್ನು. ಬೆರಳಿನಿಂದ ಕುಟ್ಟಿ ಸದ್ದು ಕೇಳಿದರು, ಪೆನ್ಸಿಲಿನಿಂದ ಹೆಸರು ಬರೆದರು, ಹೋದರು. ಮತ್ತೆ ಬರುತ್ತ ಉಳಿದವರು ಮೂವರು.

ಪಂಪ ನಮ್ಮ ಸೋದರಮಾವನ ಮಗ. ಕುರುಗೋಡಿನವನು, ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಓದುತ್ತಿದ್ದ ಅನ್ನುವುದು ಮಾವನ ಮಾತು. ಯಾವ ಕೆಲಸವಾದರೂ ಕೈಯಿಂದ ಆಗಬೇಕು, ಬೇಗ ಆಗಬೇಕು ಅವನಿಗೆ. ನೂರಿ ಹಿಂದಿನ ಮನೆಯವಳು. ಅವರಪ್ಪ ಬಟ್ಟೆ ಅಂಗಡಿ ಇಟ್ಟಿದ್ದರು. ಅವಳು ಮಾತಾಡುತ್ತ ಕುಳಿತರೆ ಎದುರಿನವರು ಯಾವುದಕ್ಕೆ ಒಪ್ಪಿಕೊಂಡೆವೆಂದು ತಿಳಿಯುವ ಮೊದಲೇ ಒಪ್ಪಿಕೊಂಡಿರುತ್ತಿದ್ದರು. ಸುಬ್ಬು ಅಣ್ಣನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವನು, ಮನೆಯಲ್ಲಿ ತೆಲುಗು ಮಾತಾಡುವವರು. ಅವನು ಪ್ರಶ್ನೆ ಕೇಳುತ್ತಿದ್ದ. ಉತ್ತರ ಸಿಕ್ಕರೆ ಅದರ ಮೇಲೆ ಇನ್ನೊಂದು ಕೇಳುತ್ತಿದ್ದ.

ಮೂವರೂ ಅಣ್ಣನ ಮಣ್ಣಿಗೆ ಬಂದಿದ್ದರು. ಪಂಪ ಯಾರನ್ನೂ ಮಾತಾಡಿಸದೆ ಪಂಚೆ ಎತ್ತಿ ಕಟ್ಟಿ ಗುಣಿ ತೋಡುವವರ ಜೊತೆ ಇಳಿದ. ಸುಬ್ಬು ಕಾಮಾಲೆ ಯಾವಾಗ ಗೊತ್ತಾಯಿತು, ಯಾವ ಔಷಧ ಕೊಟ್ಟರು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡ. ನೂರಿ ಹೂವಿನವನೊಂದಿಗೆ ಚೌಕಾಸಿ ಮಾಡಿದಳು. ಆಮೇಲೆ ಗೋಡೆಗೆ ಹಣೆ ಹಚ್ಚಿ ನಿಂತಳು. ಮನುಷ್ಯರು ಬದಲಾಗುತ್ತಾರೆ ಎಂದು ಯಾರು ಹೇಳಿದರೋ ತಿಳಿಯದು.

ಆಟದ ವಿಷಯಕ್ಕೆ ಬರುತ್ತೇನೆ. ಮೊದಲು ಚೌಕಾಬಾರ ಆಡಿದೆವು. ನೆಲದ ಮೇಲೆ ಮನೆ ಬರೆದರೆ ಮಲಗಿದವನಿಗೆ ಕಾಣುವುದಿಲ್ಲ. ಹಾಗಾಗಿ ಪಂಪ ಇದ್ದಿಲಿನಿಂದ ಅಣ್ಣನ ಹೊಟ್ಟೆಯ ಮೇಲಿನ ಪ್ಲಾಸ್ಟರಿನ ಮೇಲೆಯೇ ಮನೆ ಬರೆದ. ಅಣ್ಣ ಉಸಿರು ತೆಗೆದುಕೊಂಡರೆ ಕಾಯಿಗಳು ಜರುಗುತ್ತಿದ್ದವು. ಸೋಲುವ ಹೊತ್ತಿಗೆ ಅವನಿಗೆ ಕೆಮ್ಮೂ ಬರುತ್ತಿತ್ತು. “ಇವನ ಹೊಟ್ಟಿ ಮ್ಯಾಲ ಆಡೋ ಆಟ ಬ್ಯಾಡ, ಇವ ಹೊಟ್ಟಿನೂ ಆಡಸ್ತಾನ,” ಎಂದು ನೂರಿ ಕಾಯಿಗಳನ್ನು ಎಸೆದಳು. ಆಗ ಅಣ್ಣ ಅಂದ, “ಹಂಗಾದ್ರ ಮನಿ ಬ್ಯಾಡ, ಕಾಯಿ ಬ್ಯಾಡ. ನಾ ಕಥಿ ಹೇಳತೀನಿ, ನೀವು ಕಥಿ ಒಳಗ ಇರ್ರಿ. ಏನು ಮಾಡತೀರಿ ಹೇಳ್ರಿ. ಆಕ್ಕೈತೋ ಇಲ್ಲೋ ಕವಡಿ ಹೇಳತಾವು.”

ಇಷ್ಟೇ ಆಟ. ಒಬ್ಬೊಬ್ಬರೂ ಒಂದೊಂದು ವೇಷ. ಅಣ್ಣ ಎದುರಿಗೆ ಬಂದದ್ದು ಏನೆಂದು ಹೇಳುವವನು. ನಾವು ನಮ್ಮ ಉಪಾಯ ಹೇಳಿ ಕವಡೆ ಚೆಲ್ಲಬೇಕು. ಬಾಯಿ ಮೇಲಾಗಿ ಬಿದ್ದವು ಹೆಚ್ಚಿದ್ದರೆ ಆದಂತೆ, ಬೋರಲು ಬಿದ್ದವು ಹೆಚ್ಚಿದ್ದರೆ ಕೆಟ್ಟಂತೆ. ನಾನು ಚೆಲ್ಲಿದರೆ ಕವಡೆಗಳು ಒಟ್ಟಿಗೆ ಬೋರಲು ಮಲಗುತ್ತಿದ್ದವು. ಹಾಗಾಗಿ ನನ್ನನ್ನು ಯಾವಾಗಲೂ ಹೆಚ್ಚು ಕೆಲಸ ಇಲ್ಲದ ವೇಷಕ್ಕೆ ಹಾಕುತ್ತಿದ್ದರು.

ಕಷ್ಟವೆಲ್ಲ ಯಾವ ಕಥೆ ಅನ್ನುವುದರಲ್ಲಿ ಇತ್ತು. ಮೊದಲನೆಯದು ಕೋಟೆಯ ಮುತ್ತಿಗೆ. ಪಂಪನಿಗೆ ಹಬ್ಬ. ಆದರೆ ಕೋಟೆಯ ಬಾಗಿಲಲ್ಲಿ ನೂರಿ ಕಾವಲುಗಾರನನ್ನು ಮಾತಿಗೆ ಹಿಡಿದಳು. ಅವನ ಹೆಂಡತಿಗೆ ಒಂದು ಸೀರೆ ಕೊಟ್ಟರೆ ಬಾಗಿಲು ತೆಗೆಯುವುದೆಂದು ಮಾತು ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಪಂಪ ಕವಡೆ ಚೆಲ್ಲಿ ಕಾವಲುಗಾರನನ್ನು ಕೊಂದುಬಿಟ್ಟ.

“ಸೀರಿ ಬಣ್ಣ ಸೈತ ಒಪ್ಪಿದ್ದ ಅವ. ಯಾಕೋ ಕೊಂದಿ?” ಅಂದಳು ನೂರಿ.

“ಯುದ್ಧಕ್ಕ ಬಂದೀವೋ ಸೀರಿ ಮಾರಾಕ ಬಂದೀವೋ?” ಅಂದ ಪಂಪ.

ನೂರಿ ಎದ್ದು ಮನೆಗೆ ಹೋದಳು. ಎರಡನೆಯ ಕಥೆ ಒಂದು ಗವಿ, ಒಳಗೆ ನಿಧಿ, ಬಾಗಿಲ ಮೇಲೆ ಬಾಗಿಲು. ಇದು ಸುಬ್ಬುವಿನದು. ಮೊದಲ ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ, ತಿರುಗಣಿ ಕಲ್ಲಿನದೋ ಕಬ್ಬಿಣದ್ದೋ, ಕೆಳಗಿನಿಂದ ಗಾಳಿ ಬರುತ್ತದೋ ಇಲ್ಲವೋ ಎಂದು ಅವನು ಕೇಳುತ್ತ ಹೋದ. ಪಂಪ ಗೋಡೆಗೆ ಒರಗಿ ನಿದ್ದೆ ಹೋದ. ಮೂರನೆಯದು ಕುದುರೆ ಸಂತೆ. ಅದರಲ್ಲಿ ನೂರಿ ಸಂತೆಯ ಎಲ್ಲ ಕುದುರೆಗಳನ್ನೂ ತನ್ನವಾಗಿ ಮಾಡಿಕೊಂಡಳು, ಹುಡುಗರಿಬ್ಬರು ಚೆಂಡಾಡಲು ಹೋದರು.

ಆಮೇಲೆ ಯಾರೂ ಬರಲಿಲ್ಲ. ಯಾರ ಮೇಲೆ ಯಾರಿಗೂ ಸಿಟ್ಟೇನೂ ಇರಲಿಲ್ಲ. ಮಕ್ಕಳು ಅಷ್ಟೇ, ಒಬ್ಬನಿಗೆ ಬೇಜಾರಾಯಿತು, ಇನ್ನೊಬ್ಬನಿಗೆ ಆಟ ಇತ್ತು. ಶಾಲೆ ಬಿಡುವ ಹೊತ್ತಿಗೆ ಅಣ್ಣ ಅವ್ವನಿಗೆ, “ಬಾಗಲಾ ತೆರದಿಡು, ಸೆಕಿ,” ಅನ್ನುತ್ತಿದ್ದ. ರಸ್ತೆಯಲ್ಲಿ ಸೈಕಲ್ ಗಂಟೆ ಕೇಳಿದರೆ ಕುತ್ತಿಗೆ ಆ ಕಡೆ ತಿರುಗುತ್ತಿತ್ತು. ಅವನಿಗೆ ತಿರುಗಿಸಲು ಇದ್ದದ್ದು ಕುತ್ತಿಗೆ ಒಂದೇ. ಮೂರೂ ಜನರನ್ನು ಹಿಡಿದು ಕೂರಿಸುವ ಒಂದು ಕಥೆ ಸಿಗದಿದ್ದರೆ ದೀಪಾವಳಿಯವರೆಗೆ ಗುಡ್ಡ ನೋಡುತ್ತ ಮಲಗಬೇಕಾಗುತ್ತದೆ ಎಂಬುದು ಅವನಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ನಾನು ಪಕ್ಕದಲ್ಲೇ ಕುಳಿತಿರುತ್ತಿದ್ದೆ. ಆದರೆ ತಂಗಿ ಲೆಕ್ಕಕ್ಕೆ ಬರುವುದಿಲ್ಲವಷ್ಟೆ.

ಒಂದು ಮಧ್ಯಾಹ್ನ ಅವನು ನನ್ನನ್ನು ಕೇಳಿದ, “ಗೌರಿ, ಸಿರುಗುಪ್ಪದ ಚಿಕ್ಕವ್ವನ ಮಗಳ ಮದುವ್ಯಾಗ ದಿಬ್ಬಣದ ಕೂಡ ನೀ ಹೋಗಿದ್ದೆಲ್ಲ. ಬಂಡ್ಯಾಗ ಯಾರು ಏನೇನು ಮಾಡಿದ್ರು ಹೇಳು.”

ನನಗೆ ನೆನಪಿದ್ದದ್ದು ಹೇಳಿದೆ. ಚಿಕ್ಕಪ್ಪ ದಾರಿಯಲ್ಲಿ ಸಿಕ್ಕವರ ಜೊತೆಗೆಲ್ಲ ಜಗಳ ತೆಗೆದದ್ದು. ಹಾಸಿದ ಜಮಖಾನೆ ಸಣ್ಣದಾಯಿತೆಂದು ಬೀಗರು ಮುನಿಸಿಕೊಂಡಾಗ ದೊಡ್ಡಮ್ಮ ಅವರನ್ನು ಸಮಾಧಾನ ಮಾಡಿದ್ದು. ಒಡವೆ ಪೆಟ್ಟಿಗೆಯ ಬೀಗದ ಕೈ ಕಳೆದು, ಅದು ಅಕ್ಕಿಯ ಚೀಲದಲ್ಲಿ ಸಿಕ್ಕಿದ್ದು. ಗಂಡಿನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು, ಒಡಪಿನಲ್ಲಿ ಗಂಡನ ಹೆಸರು ಹೇಳುವವರೆಗೆ ಮದುಮಗಳನ್ನು ಒಳಗೆ ಬಿಡದೆ ಇದ್ದದ್ದು. ಅಣ್ಣ ಸೂರಿನ ಕಡೆ ನೋಡುತ್ತ ಕೇಳಿದ. “ಇದರಾಗ ಎಲ್ಲಾ ಐತಲ್ಲ,” ಅಂದ. ಮೂವರನ್ನೂ ಕರೆದುಕೊಂಡು ಬರಲು ನನ್ನನ್ನು ಓಡಿಸಿದ.

ನೋಡಿ, ರಾಜರ ಕಥೆ, ನಿಧಿಯ ಕಥೆ, ಸಂತೆಯ ಕಥೆ ಎಲ್ಲ ಕೆಟ್ಟ ಮೇಲೆ ಗೆದ್ದದ್ದು ಮದುವೆಯ ಬಂಡಿ. ಸಿರುಗುಪ್ಪದಿಂದ ಹೆಣ್ಣಿನವರ ದಿಬ್ಬಣ ಹೊರಡುತ್ತದೆ, ಕುರುಗೋಡಿನ ಗಂಡಿನ ಮನೆಗೆ ಮುಟ್ಟಬೇಕು. ಪಂಪ ದೊಣ್ಣೆ ಹಿಡಿದು ಬಂಡಿಯ ಮುಂದೆ ನಡೆಯುವವನು. ನೂರಿ ಮದುಮಗಳ ಸೋದರತ್ತೆ, ಮಾತೆಲ್ಲ ಅವಳದು. ಸುಬ್ಬು ಮುಹೂರ್ತ ನೋಡುವ ಐನೋರು, ಪೆಟ್ಟಿಗೆಯ ಬೀಗದ ಕೈ ಅವನ ಹತ್ತಿರ. ನಾನು ಮದುಮಗಳು, ತಲೆಬಗ್ಗಿಸಿ ಕೂರುವುದು ನನ್ನ ಕೆಲಸ. ಮುಂದೆ ಸಿರುಗುಪ್ಪಕ್ಕೇ ನನ್ನನ್ನು ನಿಜವಾಗಿ ಮದುವೆ ಮಾಡಿ ಕೊಟ್ಟಾಗ ದಿಬ್ಬಣ ಲಾರಿಯಲ್ಲಿ ಹೋಯಿತು. ಅಲ್ಲಿಯೂ ನಾನು ಮಾಡಿದ್ದು ಇಷ್ಟೇ. ಅಭ್ಯಾಸ ಇದ್ದದ್ದು ಒಳ್ಳೆಯದೇ ಆಯಿತು.

ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಂಪ ಕವಡೆಗೆ ಕೈ ಹಾಕಿದ. ನೂರಿ ಅವನ ಮುಂಗೈ ಹಿಡಿದಳು.

“ತಡಿ. ಏನಪ್ಪ, ನಿಂದು ಯಾವೂರು?” ಎಂದು ಕಳ್ಳರ ನಾಯಕನನ್ನು ಕೇಳಿದಳು.

“ಕರೂರು,” ಅಂದ ಅಣ್ಣ, ಕಳ್ಳನ ದನಿಯಲ್ಲಿ.

“ನಿಮ್ಮವ್ವ ಯಾವೂರಾಕಿ?”

ಅಣ್ಣ ತಡವರಿಸಿದ. ಕಳ್ಳನಿಗೂ ಒಬ್ಬಳು ಅವ್ವ ಇರುತ್ತಾಳೆ ಎಂದು ಅವನು ಯೋಚಿಸಿರಲಿಲ್ಲ. “ಸಿರುಗುಪ್ಪದಾಕಿ,” ಎಂದುಬಿಟ್ಟ.

“ಹಂಗಾದ್ರ ಮದುಮಗಳಿಗೆ ನೀ ಅಣ್ಣ ಆಗಬೇಕು. ತಂಗಿ ಮದುವಿಗೆ ಬರೋ ರೀತಿ ಏನಪ್ಪ ಇದು, ಮೋತಿಗೆ ಅರಿವಿ ಕಟ್ಟಿಕೊಂಡು?”

ಕವಡೆ ಚೆಲ್ಲಿದಳು. ಎಲ್ಲ ಬಾಯಿ ಮೇಲಾಗಿ ಬಿದ್ದವು. ಕಳ್ಳ ನೆಂಟನಾದ. ನಮ್ಮ ಕಡೆ ನೆಂಟನಾದವನನ್ನು ಹೊಡೆಯಲು ಬರುವುದಿಲ್ಲ, ಬುತ್ತಿ ಬಿಚ್ಚಿ ಉಣ್ಣಿಸಬೇಕು. ಪಂಪ ದೊಣ್ಣೆ ಕೆಳಗಿಟ್ಟು ಮುಖ ಸಣ್ಣ ಮಾಡಿಕೊಂಡ. ಅಣ್ಣ ಅವನ ಮುಖ ನೋಡಿ, “ಕಳ್ಳರಾಗ ಒಬ್ಬ ಮಾತ್ರ ಬ್ಯಾರೆ ಊರಾವ. ಅವ ಒಪ್ಪಲಿಲ್ಲ,” ಎಂದು ಸೇರಿಸಿದ. ಪಂಪ ಆ ಒಬ್ಬನನ್ನು ಸಂಜೆಯವರೆಗೆ ಹೊಡೆದ. ಸುಬ್ಬು, ಬುತ್ತಿ ಎಷ್ಟು ಜನರಿಗೆ ಸಾಲುತ್ತದೆ, ಕಳ್ಳರನ್ನು ಕೂರಿಸಿದರೆ ಬಂಡಿ ಎಳೆಯುತ್ತದೆಯೇ ಎಂದು ವಿಚಾರಿಸಿದ. ಅವ್ವ ಒಗ್ಗರಣಿ ಮಂಡಕ್ಕಿ ತಂದಿಟ್ಟಳು. ಅದು ದಿಬ್ಬಣದ ಬುತ್ತಿಯೆಂದು ತಿಂದೆವು.

ಅಂದಿನಿಂದ ಅವರು ತಪ್ಪದೆ ಬಂದರು. ಬಂಡಿಯ ಕೀಲು ಮುರಿಯಿತು. ಎತ್ತು ಕುಂಟಿತು. ನನ್ನ ಕಾಲ್ಗೆಜ್ಜೆ ಕೆರೆಗೆ ಬಿತ್ತು. ಅದನ್ನು ಹುಡುಕಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಶ್ರಾವಣ ಹೋಗಿ ಗಣಪತಿ ಹಬ್ಬ ಬಂತು. ದಿಬ್ಬಣ ಇನ್ನೂ ದಾರಿಯಲ್ಲಿತ್ತು. ಗಂಡಿನ ಮನೆಯವರು ಅಷ್ಟು ದಿನ ಚಪ್ಪರ ಬಿಚ್ಚದೆ ಹೇಗೆ ಕಾದಿದ್ದರು ಎಂದು ಸುಬ್ಬು ಒಮ್ಮೆ ಕೇಳಿದ. ಅಣ್ಣ, “ಒಳ್ಳೆ ಮಂದಿ,” ಅಂದ.

ದಸರಾ ರಜಾ ಹತ್ತಿರ ಬಂದಾಗ ಒಂದು ಸಂಜೆ ಅಣ್ಣ ಹೇಳಿದ, “ಹಂಗ ಮುಂದ ಹೋದ್ರ ಮೋಕ ಬಂತು.”

ಪಂಪ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ನಿಲ್ಲಿಸಿದ. “ಏನು ಬಂತು?”

“ಮೋಕ.”

“ಲೇ ಶರಣ, ಮೊನ್ನಿ ತೆಕ್ಕಲಕೋಟಿ ದಾಟಿದ್ವಿ. ಅಲ್ಲಿಂದ ಕುರುಗೋಡು ಬಲಕ್ಕ ಐತಿ, ಮೋಕ ಎಡಕ್ಕ ಐತಿ. ಮದುವಿ ಮನಿ ಬಿಟ್ಟು ಎತ್ತು ಆ ಕಡಿ ಯಾಕ ಹೋದ್ವು?”

“ಬಲಗಡಿ ದಾರ್ಯಾಗ ನೀರು ನಿಂತಿತ್ತು.”

“ನಮ್ಮೂರ ದಾರಿ ನನಗ ಹೇಳತಿಯಾ? ಅಲ್ಲಿ ಕುಡಿಯಾಕ ನೀರಿಲ್ಲ, ನಿಂದ್ರಾಕ ಎಲ್ಲಿಂದ ಬರಬೇಕು?”

“ತಿರುಗುವಾಗ ನನ್ನ ಕೇಳಬೇಕಿತ್ತು ಕದಾ,” ಅಂದ ಸುಬ್ಬು. “ಐನೋರು ನಾನು.”

ನೂರಿ ಇಬ್ಬರನ್ನೂ ಬಿಟ್ಟು ಅಣ್ಣನ ಮುಖ ನೋಡುತ್ತಿದ್ದಳು. “ನಮ್ಮಬ್ಬಾ ಹಿಂಗ ಮಾಡತಾರ,” ಅಂದಳು. “ಗಿರಾಕಿ ಎದ್ದು ಹೋಗಬಾರದಂತ ಅರಿವಿ ಥಾನಿನ ಮ್ಯಾಲ ಥಾನು ಬಿಚ್ಚತಾನ ಇರತಾರ. ಇವನೂ ಬಿಚ್ಚಾಕ ಹತ್ಯಾನ. ಮದುವಿ ಮಾಡಸೋ ಮನಸಿಲ್ಲ ಇವನಿಗೆ.”

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಗೋಡೆಗೆ ಹೇಳುವವನಂತೆ ಹೇಳಿದ, “ಮದುವಿ ಆದ್ರ ನೀವು ಬರಂಗಿಲ್ಲ.”

ಇಂಥ ಮಾತಿಗೆ ದೊಡ್ಡವರಾಗಿದ್ದರೆ ಏನಾದರೂ ಹೇಳುತ್ತಿದ್ದರು. ಸುಬ್ಬುವಿಗೆ ಕೇಳಲು ಪ್ರಶ್ನೆ ಹೊಳೆಯಲಿಲ್ಲ. ನೂರಿ ತನ್ನ ಮಾತನ್ನು ವಾಪಸ್ಸು ತೆಗೆದುಕೊಳ್ಳುವವಳಂತೆ ದುಪಟ್ಟಾದ ಅಂಚನ್ನು ಬಾಯಿಗೆ ಹಿಡಿದಳು. ನಾಲ್ಕು ಮಾತು ಕೂಡಿಸಿ ಆಡಲು ಬಾರದ ಪಂಪ ಎದ್ದು ಬಂದು ಮಂಚದ ಅಂಚಿಗೆ ಕುಳಿತ.

“ಮುಗಸಲೇ,” ಅಂದ. “ಮೊದಲು ನಿನ್ನ ತಂಗೀನ ಬಂಡಿಯಿಂದ ಇಳಸು. ಮುಂಗಾರಿನಿಂದ ಕುಂತು ಕುಂತು ಆಕಿ ಬೆನ್ನು ಹಿಡದಿರಬೇಕು.”

ಎತ್ತುಗಳನ್ನು ಮೋಕದಿಂದ ಹೊಳ್ಳಿಸಿದರು. ಬಳ್ಳಾರಿ ಮುಟ್ಟಿ, ಅಲ್ಲಿಂದ ಕುರುಗೋಡಿನ ದಾರಿ ಹಿಡಿದರು. ಯಾವ ಕಳ್ಳನೂ ಬರಲಿಲ್ಲ, ಕೀಲೂ ಮುರಿಯಲಿಲ್ಲ. ಅಷ್ಟು ದಿನ ಹಿಡಿದ ದಾರಿ ಒಂದು ತಟ್ಟೆ ಮಂಡಕ್ಕಿ ಮುಗಿಯುವಷ್ಟರಲ್ಲಿ ಮುಗಿಯಿತು. ಗಂಡಿನ ಮನೆಯ ಬಾಗಿಲಿಗೆ ಅಡ್ಡ ನಿಲ್ಲಲು ಯಾರೂ ಇರಲಿಲ್ಲವೆಂದು ನೂರಿ ಸೋದರತ್ತೆಯ ವೇಷ ಬಿಟ್ಟು ನಾದಿನಿಯಾದಳು. ಪಡಸಾಲೆಯ ಬಾಗಿಲಿಗೆ ಕೈ ಅಡ್ಡ ಹಿಡಿದು, ಹೆಸರು ಹೇಳು ಅಂದಳು. ಗಂಡಿಗೆ ಹೆಸರೇ ಇಟ್ಟಿಲ್ಲವೆಂದು ಎಲ್ಲರಿಗೂ ಆಗ ಹೊಳೆಯಿತು. ಸುಬ್ಬು ಬೆರಳೆಣಿಸಿ ಏನೋ ಗುಣಿಸಿ ರುದ್ರಪ್ಪ ಎಂದು ಇಟ್ಟ. ಅಷ್ಟು ದಿನ ತಲೆಬಗ್ಗಿಸಿ ಕುಳಿತಿದ್ದ ನನಗೆ ಮೊದಲ ಸಲ ಮಾತಾಡುವ ಸರದಿ ಬಂದಿತ್ತು. ನಾನು ಕಟ್ಟಿದ್ದು ಇದು:

“ಸಿರುಗುಪ್ಪದ ಭತ್ತ, ಕುರುಗೋಡಿನ ಗುಡ್ಡ,
ಮೋಕಕ್ಕ ಹೋಗಿ ಬಂದ್ರೂ ಬಂಡಿ ಬೀಳಲಿಲ್ಲ ಅಡ್ಡ,
ಬಾಗಲಾ ಬಿಡ್ರಿ, ನಮ್ಮ ರುದ್ರಪ್ಪಗ ಇನ್ನೂ ಬಂದಿಲ್ಲ ಗಡ್ಡ.”

ಪಂಪ ಬಿದ್ದು ಬಿದ್ದು ನಕ್ಕ. ಅಣ್ಣನೂ ನಕ್ಕ, ಆದರೆ ಪೂರ್ತಿ ನಗಲಿಲ್ಲ. ಪ್ಲಾಸ್ಟರಿನ ಒಳಗಿನಿಂದ ಪೂರ್ತಿ ನಗಲು ಬರುವುದಿಲ್ಲ ಎಂದು ಆಗ ತಿಳಿದುಕೊಂಡಿದ್ದೆ. ಮೂವರೂ ಎದ್ದು ಹೋದರು. ನಾಳೆ ಬರುತ್ತೇವೆಂದು ಯಾರೂ ಹೇಳಲಿಲ್ಲ. ಹಿಂದೆಯೂ ಹೇಳುತ್ತಿರಲಿಲ್ಲ. ಆದರೆ ಹಿಂದೆ ಬಂಡಿ ದಾರಿಯಲ್ಲಿ ನಿಂತಿರುತ್ತಿತ್ತು.

ಮರುದಿನ ಶಾಲೆ ಬಿಡುವ ಹೊತ್ತಿಗೆ ಅಣ್ಣ ಬಾಗಿಲು ಹಾಕು ಅಂದ. ಅವ್ವ, “ಸೆಕಿ ಐತಲ್ಲ,” ಅಂದಳು. “ಇರಲಿ, ಹಾಕು.” ಅವ್ವ ಹಾಕಿದಳು. ಅವನು ಕಣ್ಣು ಮುಚ್ಚಿ ಮಲಗಿದ. ನಿದ್ದೆ ಬಂದಿರಲಿಲ್ಲ, ನಿದ್ದೆ ಬಂದಾಗ ಅವನ ಬಾಯಿ ತೆರೆದಿರುತ್ತಿತ್ತು. ಹೊರಗೆ ಸೈಕಲ್ಲುಗಳು ಹೋದವು. ನಾನು ಹೋಂವರ್ಕ್ ಮಾಡುವವಳಂತೆ ಕುಳಿತು ಒಂದೇ ಸಾಲನ್ನು ತಿದ್ದಿದೆ.

ಬಾಗಿಲಿಗೆ ಕಾಲಿನಿಂದ ಒದ್ದ ಸದ್ದಾಯಿತು. ಪಂಪ ಕೈಯಿಂದ ಬಾಗಿಲು ಬಡಿದದ್ದು ನಾನು ಕಂಡಿಲ್ಲ.

“ಯಾಕತ್ತಿ, ಹಾಡುಹಗಲ ಬಾಗಲಾ ಹಾಕ್ಕೊಂಡೀರಿ?” ಎಂದು ಅವ್ವನನ್ನು ದಾಟಿ ಒಳಗೆ ಬಂದ. ಹಿಂದೆ ನೂರಿ, ಸುಬ್ಬು. ಮೂವರೂ ತಮ್ಮ ತಮ್ಮ ಜಾಗದಲ್ಲಿ ಕುಳಿತರು.

ಅಣ್ಣ ಕಣ್ಣು ತೆರೆದ. “ಹೊಸಾ ಕಥಿ ಇನ್ನೂ ಸಿಕ್ಕಿಲ್ಲ,” ಅಂದ.

“ಯಾರು ಕೇಳಿದ್ರು?” ಅಂದ ಪಂಪ. “ಸುಮ್ಮನ ಕುಂದ್ರಾಕ ಬಂದೀವಿ.”

ಸುಮ್ಮನೆ ಕೂರುವುದು ಆ ಮೂವರಿಗೂ ಬರುತ್ತಿರಲಿಲ್ಲ. ಪಂಪ ಮಂಚದ ನವಾರು ಎಳೆದು ಬಿಗಿ ಮಾಡಿದ. ನೂರಿ ಬಳೆ ಎಣಿಸಿದಳು. ಸುಬ್ಬು ಸೂರು ನೋಡಿದ. ಆಮೇಲೆ ಅಣ್ಣ, ಬೇರೆ ಯಾರದೋ ವಿಷಯ ಹೇಳುವವನಂತೆ, “ಕಾಲು ಭಾಳ ನೋಯತೈತಿ,” ಅಂದ.

ಬಿದ್ದ ದಿನದಿಂದ ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಅವ್ವನ ಕೈಯ ಪಾತ್ರೆಯ ಸದ್ದು ನಿಂತಿತು.

ಸುಬ್ಬು ಮುಂದಕ್ಕೆ ಜರುಗಿದ. “ಎಲ್ಲಿ?” ಎಂದು ಕೇಳಿದ.

ಅಣ್ಣ ಎಲ್ಲಿಯೆಂದು ಹೇಳಿದ. ರಾತ್ರಿ ಹೇಗಿರುತ್ತದೆ ಹೇಳಿದ, ಮಗ್ಗಲು ಬದಲಿಸಲು ಬಾರದ್ದು ಹೇಳಿದ, ಮೊದಲಿನಂತೆ ನಡೆಯಲಿಕ್ಕಿಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿದ್ದದ್ದೂ ಹೇಳಿದ. ಕತ್ತಲಾಗಿ ಅವ್ವ ದೀಪ ಹಾಕಿದರೂ ಹೇಳುತ್ತಲೇ ಇದ್ದ. ಯಾರೂ ಏಳಲಿಲ್ಲ.